ಐವತ್ತು ಪಂದ್ಯ, ಒಂದು ಸೋಲು

ಸದಾ ಗೆಲ್ಲುವ ತಂಡವೊಂದು ಒಮ್ಮೆ ಸೋತರೆ ಮುಂದೇನು? ಅದು ಮತ್ತೆ ಮೊದಲಿನಂತೆ ಗೆಲ್ಲುತ್ತ ಹೋಗಬಲ್ಲುದೇ ಅಥವಾ ಅಲ್ಲಿಂದಲೇ ಅದರ ಇಳಿಗಾಲ ಶುರುವಾಗುತ್ತದೆಯೇ? ವಿಶ್ವಕಪ್ ಫುಟ್‌ಬಾಲ್ ಬಂದಾಗಲೆಲ್ಲ ತರಗತಿಯಲ್ಲಿ ಈ ಪ್ರಶ್ನೆ ಏಳುತ್ತದೆ. ಹುಡುಗರಲ್ಲಿ ಎರಡು ಪಕ್ಷ. 'ಒಂದು ಸಲ ಬಿದ್ದರೆ ಮುಗೀತು ಸಾರ್, ಮೊದಲಿನ ಧೈರ್ಯ ಬರೋದಿಲ್ಲ' ಎನ್ನುವುದು ಒಂದು ಪಕ್ಷ. 'ಹುಲಿ ಎರಡು ಹೆಜ್ಜೆ ಹಿಂದಿಟ್ಟರೆ ಹೆದರಿತು ಅಂತಲ್ಲ' ಎನ್ನುವುದು ಇನ್ನೊಂದು. ಎರಡೂ ಕೇಳಲು ಚೆನ್ನಾಗಿವೆ. ಆದರೆ ಇವು ಘೋಷಣೆಗಳೇ ಹೊರತು ಉತ್ತರಗಳಲ್ಲ. ವಿಜ್ಞಾನದ ಪಾಠ ಮಾಡುವವನಿಗೆ ಘೋಷಣೆ ಸಾಲದು; ಪುರಾವೆ ಬೇಕು.

ಅದೃಷ್ಟಕ್ಕೆ, ಫುಟ್‌ಬಾಲ್‌ನ ಚರಿತ್ರೆಯೇ ಒಂದು ದೊಡ್ಡ ಪ್ರಯೋಗಶಾಲೆ. ನಮ್ಮ ಪ್ರಶ್ನೆಗೆ ಬೇಕಾದ ಪ್ರಯೋಗ ಅಲ್ಲಿ ಬಹಳ ಹಿಂದೆಯೇ ನಡೆದುಹೋಗಿದೆ. ಹಂಗೇರಿ ಎಂಬ ಪುಟ್ಟ ದೇಶದ ತಂಡದ ಕಥೆ ಅದು.

ಚಿನ್ನದ ತಂಡ

1950ರ ದಶಕದಲ್ಲಿ ಹಂಗೇರಿಯ ಜನಸಂಖ್ಯೆ ಒಂದು ಕೋಟಿಗೂ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ನಜ್ಜುಗುಜ್ಜಾಗಿದ್ದ ದೇಶ. ಅಂಥ ದೇಶದ ಫುಟ್‌ಬಾಲ್ ತಂಡವನ್ನು ಜಗತ್ತು 'ಚಿನ್ನದ ತಂಡ' ಎಂದು ಕರೆಯಿತು. ಫೆರೆಂಕ್ ಪುಷ್ಕಾಸ್ ನಾಯಕ. ಎಡಗಾಲಿನ ಹೊಡೆತಕ್ಕೆ ಅವನಿಗೆ ಸರಿಸಾಟಿ ಇರಲಿಲ್ಲ. ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸುವುದರಲ್ಲಿ ಕೊಚಿಶ್ ನಿಸ್ಸೀಮ. ಅಂಚಿನಲ್ಲಿ ಓಡುವ ತ್ಸಿಬೋರ್, ನಡುವಿನಿಂದ ಆಟ ಕಟ್ಟುವ ಬೋಜಿಕ್, ಗೋಲಿನಲ್ಲಿ ಗ್ರೋಷಿಚ್. ತರಬೇತುದಾರ ಗುಸ್ತಾವ್ ಸೆಬೆಷ್.

ಈ ತಂಡದ ದೊಡ್ಡ ಗುಟ್ಟು ಹಿಡೆಗ್ಕುಟಿ ಎಂಬ ಆಟಗಾರ. ಆ ಕಾಲದಲ್ಲಿ 9ನೇ ಸಂಖ್ಯೆಯ ಅಂಗಿ ತೊಟ್ಟವನು ಎದುರಾಳಿಯ ಗೋಲಿನ ಮುಂದೆ ನಿಲ್ಲಬೇಕು. ಎದುರಾಳಿ ತಂಡದ 5ನೇ ಸಂಖ್ಯೆಯವನು ಅವನನ್ನು ಕಾಯಬೇಕು. ಇದು ಎಲ್ಲರೂ ಒಪ್ಪಿಕೊಂಡಿದ್ದ ಲೆಕ್ಕ. ಹಿಡೆಗ್ಕುಟಿ 9ನೇ ಸಂಖ್ಯೆಯ ಅಂಗಿಯನ್ನೇ ತೊಟ್ಟು ಮೈದಾನದ ನಡುವಿಗೆ ಸರಿದುಬಿಡುತ್ತಿದ್ದ. ಕಾಯುವವನು ಅವನ ಹಿಂದೆ ಹೋದರೆ ಗೋಲಿನ ಮುಂದಿನ ಜಾಗ ಖಾಲಿ. ಪುಷ್ಕಾಸ್ ಮತ್ತು ಕೊಚಿಶ್ ಅಲ್ಲಿಗೆ ನುಗ್ಗುತ್ತಿದ್ದರು. ಹೋಗದಿದ್ದರೆ ಹಿಡೆಗ್ಕುಟಿಯನ್ನು ತಡೆಯುವವರೇ ಇಲ್ಲ. ಏನು ಮಾಡಿದರೂ ತಪ್ಪು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈ ತಂಡ ಫೈನಲ್‌ನಲ್ಲಿ ಯುಗೊಸ್ಲಾವಿಯವನ್ನು 2-0 ಗೋಲುಗಳಿಂದ ಸೋಲಿಸಿ ಚಿನ್ನ ಗೆದ್ದಿತು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ತಂಡವನ್ನು 6-3ರಿಂದ ಮಣಿಸಿತು. ಯುರೋಪ್ ಭೂಖಂಡದ ಯಾವ ತಂಡಕ್ಕೂ ಇಂಗ್ಲೆಂಡ್ ತನ್ನ ನೆಲದಲ್ಲಿ ಅದುವರೆಗೆ ಸೋತಿರಲಿಲ್ಲ. ಅಂದು ಮೂರು ಗೋಲು ಹೊಡೆದವನು ಅದೇ ಹಿಡೆಗ್ಕುಟಿ. ಆರು ತಿಂಗಳ ನಂತರ ಸೇಡು ತೀರಿಸಿಕೊಳ್ಳಲು ಬುಡಾಪೆಸ್ಟ್‌ಗೆ ಬಂದ ಇಂಗ್ಲೆಂಡ್ 7-1ರಿಂದ ಸೋತು ಮನೆಗೆ ಮರಳಿತು.

1954ರ ವಿಶ್ವಕಪ್ ಸ್ವಿಟ್ಜರ್ಲೆಂಡ್‌ನಲ್ಲಿ. ಅಲ್ಲಿಗೆ ಬರುವಾಗ ಹಂಗೇರಿ ನಾಲ್ಕು ವರ್ಷಗಳಿಂದ ಸೋತಿರಲಿಲ್ಲ. ದಕ್ಷಿಣ ಕೊರಿಯದ ಮೇಲೆ 9-0, ಪಶ್ಚಿಮ ಜರ್ಮನಿಯ ಮೇಲೆ 8-3, ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಮೇಲೆ 4-2, ಸೆಮಿಫೈನಲ್‌ನಲ್ಲಿ ಹಿಂದಿನ ಚಾಂಪಿಯನ್ ಉರುಗ್ವೆಯ ಮೇಲೆ 4-2. ಫೈನಲ್‌ನಲ್ಲಿ ಎದುರಾಳಿ ಮತ್ತೆ ಪಶ್ಚಿಮ ಜರ್ಮನಿ. ಹದಿನಾಲ್ಕು ದಿನಗಳ ಹಿಂದೆ 8 ಗೋಲು ತಿಂದಿದ್ದ ಅದೇ ತಂಡ. ಫಲಿತಾಂಶದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಬೆರ್ನ್‌ನ ಮಳೆ

ಜುಲೈ 4ರಂದು ಬೆರ್ನ್ ನಗರದಲ್ಲಿ ಮಳೆ. ಪಂದ್ಯ ಶುರುವಾಗಿ ಎಂಟು ನಿಮಿಷಕ್ಕೆಲ್ಲ ಹಂಗೇರಿ 2-0 ಮುನ್ನಡೆ ಪಡೆಯಿತು. ಇನ್ನು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜರ್ಮನಿ ಎರಡೂ ಗೋಲುಗಳನ್ನು ಹಿಂದಿರುಗಿಸಿತು. ಆಮೇಲೆ ಹಂಗೇರಿಯವರು ಹೊಡೆದ ಚೆಂಡುಗಳು ಕಂಬಕ್ಕೆ ಬಡಿದವು, ಗೋಲ್‌ಕೀಪರನ ಕೈ ಸೇರಿದವು. ಆಟ ಮುಗಿಯಲು ಆರು ನಿಮಿಷವಿದ್ದಾಗ ಜರ್ಮನಿಯ ಹೆಲ್ಮುಟ್ ರಾನ್ ಮೂರನೆಯ ಗೋಲು ಹೊಡೆದ. ಕೊನೆಯ ಕ್ಷಣಗಳಲ್ಲಿ ಪುಷ್ಕಾಸ್ ಚೆಂಡನ್ನು ಬಲೆಗೆ ಸೇರಿಸಿದನಾದರೂ ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ. 3-2. ಜರ್ಮನಿ ವಿಶ್ವ ಚಾಂಪಿಯನ್.

ಏಕೆ ಹೀಗಾಯಿತು? ಒಂದೊಂದಾಗಿ ಬಿಡಿಸಿ ನೋಡೋಣ. ಮೊದಲನೆಯದು, 8-3ರ ಪಂದ್ಯ. ಜರ್ಮನಿಯ ತರಬೇತುದಾರ ಹೆರ್ಬೆರ್ಗರ್ ಅಂದು ತನ್ನ ಮುಖ್ಯ ಆಟಗಾರರಲ್ಲಿ ಹಲವರನ್ನು ಆಡಿಸಿರಲೇ ಇಲ್ಲ. ಸೋತರೂ ಟರ್ಕಿಯೊಂದಿಗೆ ಇನ್ನೊಂದು ಪಂದ್ಯ ಆಡಿ ಮುಂದೆ ಹೋಗಬಹುದೆಂಬ ಲೆಕ್ಕ ಅವನದು. ಹಾಗಾಗಿ 8-3 ಎಂಬ ಅಂಕಿ ನಿಜವಾದರೂ ಅದು ಹೇಳಿದ ಸಂಗತಿ ಅರ್ಧಸತ್ಯ. ಎರಡನೆಯದು, ಅದೇ ಪಂದ್ಯದಲ್ಲಿ ಪುಷ್ಕಾಸ್‌ನ ಕಾಲಿನ ಗೆಣ್ಣಿಗೆ ಪೆಟ್ಟು ಬಿದ್ದಿತ್ತು. ಮುಂದಿನ ಎರಡು ಪಂದ್ಯ ತಪ್ಪಿಸಿಕೊಂಡ ಅವನು ಫೈನಲ್‌ಗೆ ಪೂರ್ತಿ ಗುಣವಾಗದೆಯೇ ಇಳಿದ. ಮೂರನೆಯದು ದಣಿವು. ಉರುಗ್ವೆ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಸಮಯವೂ ಸೇರಿ 120 ನಿಮಿಷ ನಡೆದಿತ್ತು. ಅದೇ ದಿನ ಜರ್ಮನಿ ಆಸ್ಟ್ರಿಯವನ್ನು 6-1ರಿಂದ ಸುಲಭವಾಗಿ ಮಣಿಸಿತ್ತು.

ನಾಲ್ಕನೆಯದು ನಮ್ಮ ಎಂಟನೇ ತರಗತಿಯ ಪಾಠ: ಘರ್ಷಣೆ. ಜರ್ಮನರ ಬೂಟುಗಳನ್ನು ಸಿದ್ಧಮಾಡಿದವನು ಆಡಿ ಡಾಸ್ಲರ್. ಅಡಿಡಾಸ್ ಕಂಪನಿಯ ಸ್ಥಾಪಕ. ಬೂಟಿನ ಅಡಿಯ ಸ್ಟಡ್‌ಗಳನ್ನು ತಿರುಪಿ ತೆಗೆದು ಬೇರೆಯವನ್ನು ಹಾಕಬಹುದಾದ ವ್ಯವಸ್ಥೆ ಅವುಗಳಲ್ಲಿತ್ತು. ಒಣ ನೆಲದಲ್ಲಿ ಗಿಡ್ಡ ಸ್ಟಡ್ ಸಾಕು. ನೆಲ ಒದ್ದೆಯಾದರೆ ಅದು ಮೇಲಿನ ರಾಡಿಯಲ್ಲೇ ಜಾರುತ್ತದೆ. ಕೆಳಗಿನ ಗಟ್ಟಿ ಮಣ್ಣನ್ನು ಹಿಡಿಯಲು ಉದ್ದ ಸ್ಟಡ್ ಬೇಕು. ಗದ್ದೆಯಲ್ಲಿ ನಾಟಿ ಮಾಡುವವರು ಹೆಬ್ಬೆರಳನ್ನು ಕೆಸರಿಗೆ ಊರಿ ನಡೆಯುತ್ತಾರಲ್ಲ, ಅದೇ ತತ್ವ.

ಹೀಗೆ ಕಾರಣಗಳು ನಾಲ್ಕಾರು. ಇವುಗಳಲ್ಲಿ ಯಾವುದೂ 'ಹಂಗೇರಿಯವರಿಗೆ ಆಟ ಮರೆತುಹೋಯಿತು' ಎಂದು ಹೇಳುವುದಿಲ್ಲ ಎಂಬುದನ್ನು ಗಮನಿಸಿ.

ಸ್ವಲ್ಪ ಲೆಕ್ಕ

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲು ಹಿಡಿಯಬೇಕು. 1950ರ ಜೂನ್‌ನಿಂದ 1956ರ ಫೆಬ್ರವರಿವರೆಗೆ ಹಂಗೇರಿ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು ಸುಮಾರು 50. ಅವುಗಳಲ್ಲಿ ಸೋತದ್ದು ಒಂದೇ ಒಂದು, ಅದು ಬೆರ್ನ್‌ನ ಫೈನಲ್. ಅಂದರೆ ನೂರಕ್ಕೆ ಎರಡರಷ್ಟು ಸೋಲು.

ಈಗ ಒಂದು ತಂಡಕ್ಕೆ ಪ್ರತಿ ಪಂದ್ಯದಲ್ಲೂ ಸೋಲದಿರುವ ಸಾಧ್ಯತೆ ನೂರಕ್ಕೆ 98 ಎಂದಿಟ್ಟುಕೊಳ್ಳಿ. ಅಂಥ ತಂಡ ಸತತ 50 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಉಳಿಯುವ ಸಾಧ್ಯತೆ ಎಷ್ಟು? 0.98 ಅನ್ನು 50 ಬಾರಿ ಗುಣಿಸಿ. ಉತ್ತರ ಸುಮಾರು 0.36. ಅಂದರೆ ನೂರಕ್ಕೆ 36 ಮಾತ್ರ! ಅಷ್ಟೊಂದು ಬಲಿಷ್ಠ ತಂಡವೂ 50 ಪಂದ್ಯಗಳಲ್ಲಿ ಒಮ್ಮೆಯಾದರೂ ಸೋಲುವ ಸಾಧ್ಯತೆಯೇ ಹೆಚ್ಚು, ನೂರಕ್ಕೆ 64.

ಅದೂ ಫುಟ್‌ಬಾಲ್‌ನಲ್ಲಿ ಗೋಲುಗಳು ಬಹಳ ಕಡಿಮೆ. ಕಬಡ್ಡಿಯಲ್ಲಿ ಒಂದು ಪಂದ್ಯಕ್ಕೆ ಹತ್ತಾರು ಅಂಕಗಳು ಬರುತ್ತವೆ. ಒಂದೆರಡು ಅಂಕ ಅದೃಷ್ಟದಿಂದ ಆಚೀಚೆಯಾದರೂ ಒಳ್ಳೆಯ ತಂಡವೇ ಸಾಮಾನ್ಯವಾಗಿ ಗೆಲ್ಲುತ್ತದೆ. ಫುಟ್‌ಬಾಲ್‌ನಲ್ಲಿ ಕಂಬಕ್ಕೆ ಬಡಿದ ಒಂದು ಚೆಂಡು, ಎತ್ತಿದ ಒಂದು ಬಾವುಟ ಇಡೀ ಪಂದ್ಯವನ್ನು ತಿರುಗಿಸಿಬಿಡಬಲ್ಲದು.

ಆದ್ದರಿಂದ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇದು: ಬಹಳ ಕಾಲ ಗೆಲ್ಲುವ ತಂಡ ಒಂದಲ್ಲ ಒಂದು ದಿನ ಸೋಲುತ್ತದೆ. ಆ ಒಂದು ಸೋಲು ತಂಡ ಕೆಟ್ಟಿತು ಎನ್ನುವುದಕ್ಕೆ ಪುರಾವೆಯಲ್ಲ. ಸೋತದ್ದು ವಿಶ್ವಕಪ್ ಫೈನಲ್‌ನಲ್ಲಿ ಎನ್ನುವುದು ದುರದೃಷ್ಟ. ಲೆಕ್ಕಕ್ಕೆ ಯಾವ ಪಂದ್ಯ ಮುಖ್ಯ, ಯಾವುದು ಅಮುಖ್ಯ ಎಂಬುದು ಗೊತ್ತಿಲ್ಲ.

ಎರಡು ಪ್ರಶ್ನೆಗಳು

ಸೋತ ಮೇಲೆ ಕೇಳಬಹುದಾದ ಪ್ರಶ್ನೆಗಳು ಎರಡು. 'ಏಕೆ ಸೋತೆವು?' ಎಂಬುದು ಒಂದು. 'ಯಾರಿಂದ ಸೋತೆವು?' ಎಂಬುದು ಇನ್ನೊಂದು. ಕೇಳಲು ಒಂದೇ ರೀತಿ ಕಂಡರೂ ಇವೆರಡಕ್ಕೂ ಅಜಗಜಾಂತರ.

ಬುಡಾಪೆಸ್ಟ್‌ನಲ್ಲಿ ಎರಡನೆಯ ಪ್ರಶ್ನೆ ಕೇಳಲಾಯಿತು. ಸೋಲಿನ ಸುದ್ದಿ ಬಂದಾಗ ಜನ ಬೀದಿಗಿಳಿದರು. ಆಗ ಅಲ್ಲಿದ್ದದ್ದು ಕಟ್ಟುನಿಟ್ಟಾದ ಕಮ್ಯುನಿಸ್ಟ್ ಸರ್ಕಾರ. ತಂಡದ ಗೆಲುವನ್ನು ಅದು ತನ್ನ ಗೆಲುವೆಂದೇ ಸಾರಿಕೊಂಡಿತ್ತು. ಹಾಗಾಗಿ ಸೋಲಿಗೆ ಒಬ್ಬ ಅಪರಾಧಿ ಬೇಕಾಗಿದ್ದ. ಕೆಲವು ತಿಂಗಳ ನಂತರ ಗೋಲ್‌ಕೀಪರ್ ಗ್ರೋಷಿಚ್‌ನ ಮೇಲೆ ಬೇಹುಗಾರಿಕೆಯ ಆರೋಪ ಬಂತು. ಅವನನ್ನು ಗೃಹಬಂಧನದಲ್ಲಿಟ್ಟು ತಿಂಗಳುಗಟ್ಟಲೆ ವಿಚಾರಣೆ ಮಾಡಿದರು. ಪುರಾವೆ ಸಿಗಲಿಲ್ಲ. ಬಿಡುಗಡೆಯಾದರೂ ರಾಜಧಾನಿಯ ದೊಡ್ಡ ಕ್ಲಬ್ ಬಿಡಿಸಿ ಗಣಿಗಾರರ ಊರಾದ ತತಾಬಾನ್ಯಕ್ಕೆ ಅವನನ್ನು ಕಳಿಸಲಾಯಿತು.

ಇಷ್ಟೆಲ್ಲ ಆದರೂ ತಂಡ ಕುಸಿಯಿತೇ? ಇಲ್ಲ! ಬೆರ್ನ್‌ನ ಸೋಲಿನ ನಂತರ ಹಂಗೇರಿ ಮತ್ತೆ 18 ಪಂದ್ಯಗಳಲ್ಲಿ ಸೋಲಲಿಲ್ಲ. 'ಒಂದು ಸಲ ಬಿದ್ದರೆ ಮುಗೀತು' ಎನ್ನುವ ಹುಡುಗರ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಮನಸ್ಸು ಮುರಿದುಹೋಗಿದ್ದರೆ 18 ಪಂದ್ಯ ಹಾಗೆ ಆಡಲು ಸಾಧ್ಯವೇ?

ಆದರೆ ಆ 18 ಪಂದ್ಯಗಳು ಇನ್ನೊಂದು ಸತ್ಯವನ್ನು ಮುಚ್ಚಿಟ್ಟವು. ಬಹುಮಟ್ಟಿಗೆ ಅದೇ ಆಟಗಾರರು, ಅದೇ ತಂತ್ರ. 1956ರ ಹೊತ್ತಿಗೆ ಹಿಡೆಗ್ಕುಟಿಗೆ 34 ವರ್ಷ. 9ನೇ ಸಂಖ್ಯೆಯ ಗುಟ್ಟು ಎಲ್ಲ ದೇಶಗಳಿಗೂ ತಿಳಿದಿತ್ತು. 1956ರ ಫೆಬ್ರವರಿಯಲ್ಲಿ ಇಸ್ತಾಂಬುಲ್‌ನಲ್ಲಿ ಟರ್ಕಿ ಹಂಗೇರಿಯನ್ನು 3-1ರಿಂದ ಸೋಲಿಸಿತು. ಬೆನ್ನಿಗೇ ಇನ್ನೂ ಕೆಲವು ಸೋಲುಗಳು ಬಂದವು. ಸೆಬೆಷ್ ತರಬೇತುದಾರನ ಸ್ಥಾನ ಕಳೆದುಕೊಂಡ.

ಒಂದೇ ಕಾಲುವೆಯ ಕೆರೆ

ಆಗಲೂ ಎಲ್ಲ ಮುಗಿದಿರಲಿಲ್ಲ. 1956ರ ಸೆಪ್ಟೆಂಬರ್‌ನಲ್ಲಿ ಇದೇ ತಂಡ ಮಾಸ್ಕೋಗೆ ಹೋಗಿ ಸೋವಿಯತ್ ಒಕ್ಕೂಟವನ್ನು ಅದರ ನೆಲದಲ್ಲೇ 1-0ಯಿಂದ ಸೋಲಿಸಿತು. ಆದರೆ ಒಂದು ತಿಂಗಳಿಗೆ, ಅಕ್ಟೋಬರ್ 23ರಂದು, ಹಂಗೇರಿಯಲ್ಲಿ ಸರ್ಕಾರದ ವಿರುದ್ಧ ಜನ ದಂಗೆಯೆದ್ದರು. ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿ ದಂಗೆಯನ್ನು ಹತ್ತಿಕ್ಕಿದವು.

ಪುಷ್ಕಾಸ್, ಕೊಚಿಶ್, ತ್ಸಿಬೋರ್, ಬೋಜಿಕ್ ಎಲ್ಲರೂ ಹೊನ್ವೆಡ್ ಎಂಬ ಒಂದೇ ಕ್ಲಬ್ಬಿನವರು. ಅದು ಸೈನ್ಯದ ಕ್ಲಬ್ಬು. ದೇಶದ ಉತ್ತಮ ಆಟಗಾರರಲ್ಲಿ ಹಲವರನ್ನು ಅಲ್ಲೇ ಸೇರಿಸಿ ದಿನವೂ ಒಟ್ಟಿಗೆ ಅಭ್ಯಾಸ ಮಾಡಿಸಿದ್ದೇ ಆ ತಂಡದ ಬಲವಾಗಿತ್ತು. ಆ ವರ್ಷ ಹೊನ್ವೆಡ್ ತಂಡ ಯುರೋಪಿಯನ್ ಕಪ್ ಪಂದ್ಯಕ್ಕಾಗಿ ಸ್ಪೇನ್‌ಗೆ ಹೋಗಿತ್ತು. ಊರಿನ ಸ್ಥಿತಿ ತಿಳಿದ ಆಟಗಾರರಲ್ಲಿ ಕೆಲವರು ಹಿಂದಿರುಗಲಿಲ್ಲ. ಪುಷ್ಕಾಸ್, ಕೊಚಿಶ್, ತ್ಸಿಬೋರ್ ಮೂವರೂ ಹೊರದೇಶಗಳಲ್ಲೇ ಉಳಿದರು.

ನಮ್ಮ ಬಯಲುಸೀಮೆಯ ರೈತರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೆರೆಗೆ ನೀರು ತರುವ ಕಾಲುವೆ ಒಂದೇ ಇದ್ದರೆ ಮಳೆ ಚೆನ್ನಾಗಿರುವವರೆಗೆ ಕೆರೆ ಬೇಗ ತುಂಬುತ್ತದೆ. ಆ ಕಾಲುವೆ ಮುಚ್ಚಿಹೋದ ವರ್ಷ ಕೆರೆ ಒಣಗುತ್ತದೆ. ಏರಿ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

1958ರ ವಿಶ್ವಕಪ್‌ನಲ್ಲಿ ಹಂಗೇರಿ ವೇಲ್ಸ್‌ಗೆ 2-1ರಿಂದ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಲ್ಲಿಗೆ ಆಟ ಸತ್ತಿತೆಂದಲ್ಲ. 1964 ಮತ್ತು 1968ರಲ್ಲಿ ಒಲಿಂಪಿಕ್ ಚಿನ್ನ ಬಂತು. 1966ರ ವಿಶ್ವಕಪ್‌ನಲ್ಲಿ ಬ್ರೆಜಿಲನ್ನು 3-1ರಿಂದ ಸೋಲಿಸಿದ್ದೂ ಉಂಟು. ಆದರೆ ಆ ಹಳೆಯ ಎತ್ತರ ಮತ್ತೆ ದಕ್ಕಲಿಲ್ಲ. 1986ರ ನಂತರ 2022ರವರೆಗಿನ ಒಂದು ವಿಶ್ವಕಪ್‌ಗೂ ಹಂಗೇರಿ ಅರ್ಹತೆ ಪಡೆಯಲಿಲ್ಲ.

ಆ ಆಟಗಾರರ ಕೈ-ಕಾಲು ಸೋತಿರಲಿಲ್ಲ ಎನ್ನುವುದಕ್ಕೆ ಪುಷ್ಕಾಸನೇ ಸಾಕ್ಷಿ. 31ನೇ ವಯಸ್ಸಿನಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದ ಅವನು 1960ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಒಬ್ಬನೇ ನಾಲ್ಕು ಗೋಲು ಹೊಡೆದ. ಕೊಚಿಶ್ ಮತ್ತು ತ್ಸಿಬೋರ್ ಬಾರ್ಸಿಲೋನ ಸೇರಿ 1961ರಲ್ಲಿ ಅದೇ ಕಪ್‌ನ ಫೈನಲ್ ಆಡಿದರು. ಇಬ್ಬರೂ ಗೋಲು ಹೊಡೆದರು. ಆದರೂ ಬಾರ್ಸಿಲೋನ ಸೋತಿತು, 3-2ರಿಂದ, ಬೆರ್ನ್‌ನ ಅದೇ ಮೈದಾನದಲ್ಲಿ! ಇದನ್ನು ಕೇಳಿದರೆ ಕೆಲವರು ಶಾಪವೆಂದಾರು. ನಾನು ಮಕ್ಕಳಿಗೆ ಇದನ್ನು ಕಾಕತಾಳೀಯಕ್ಕೆ ಉದಾಹರಣೆಯಾಗಿ ಹೇಳುತ್ತೇನೆ.

ರಕ್ತಪರೀಕ್ಷೆ ಮಾಡಿದವರು

ಈಗ ಬ್ರೆಜಿಲ್ ಕಥೆಗೆ ಬನ್ನಿ. 1950ರ ವಿಶ್ವಕಪ್ ಅಲ್ಲೇ ನಡೆಯಿತು. ಅಂತಿಮ ಸುತ್ತಿನಲ್ಲಿ ಬ್ರೆಜಿಲ್ ಸ್ವೀಡನನ್ನು 7-1, ಸ್ಪೇನನ್ನು 6-1ರಿಂದ ಬಗ್ಗುಬಡಿದಿತ್ತು. ಉರುಗ್ವೆಯೊಂದಿಗಿನ ಕೊನೆಯ ಪಂದ್ಯ ಡ್ರಾ ಆದರೂ ಕಪ್ ಅದರದೇ. ಜುಲೈ 16ರಂದು ರಿಯೋ ನಗರದ ಮರಕಾನ ಮೈದಾನದಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಸೇರಿದ್ದ ಜನರ ಕಣ್ಣೆದುರೇ ಬ್ರೆಜಿಲ್ 2-1ರಿಂದ ಸೋತಿತು.

ಅಲ್ಲೂ 'ಯಾರಿಂದ?' ಎಂಬ ಪ್ರಶ್ನೆ ಎದ್ದಿತು. ಗೋಲ್‌ಕೀಪರ್ ಬಾರ್ಬೋಸನ ಮೇಲೆ ಗೂಬೆ ಕೂರಿಸಿದರು. ಅವನು 2000ದಲ್ಲಿ ತೀರಿಕೊಳ್ಳುವವರೆಗೂ ಆ ಒಂದು ಗೋಲಿನ ಮಾತು ಅವನ ಬೆನ್ನು ಬಿಡಲಿಲ್ಲ. ನಮ್ಮ ದೇಶದಲ್ಲಿ ಅತಿ ದೊಡ್ಡ ಅಪರಾಧಕ್ಕೂ 30 ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿಲ್ಲ, ನನಗೆ ಮಾತ್ರ 50 ವರ್ಷವಾಯಿತು ಎಂಬರ್ಥದ ಮಾತನ್ನು ಅವನು ಹೇಳಿದ್ದುಂಟು. ಆಟದ ಸೋಲಿಗೆ ಒಬ್ಬ ಮನುಷ್ಯನನ್ನು ಹೊಣೆ ಮಾಡುವುದು ಎಷ್ಟು ಕ್ರೂರವಾಗಬಲ್ಲದು ನೋಡಿ.

ಆದರೆ ಬ್ರೆಜಿಲ್‌ನಲ್ಲಿ 'ಏಕೆ?' ಎಂದು ಕೇಳುವವರೂ ಇದ್ದರು. 1954ರಲ್ಲಿ ಹಂಗೇರಿಗೆ ಸೋತ ಮೇಲೆ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು. ನಮ್ಮವರಿಗೆ ಎದೆಗಾರಿಕೆ ಇಲ್ಲ ಎಂಬ ಮಾತು ಅಲ್ಲಿ ಸಾಮಾನ್ಯವಾಗಿತ್ತು. 1958ರ ವಿಶ್ವಕಪ್‌ಗೆ ಮುನ್ನ ವೈದ್ಯರು ಆಟಗಾರರನ್ನು ಕೂರಿಸಿ ಪರೀಕ್ಷಿಸಿದಾಗ ಸಿಕ್ಕಿದ್ದೇನು? ಹೊಟ್ಟೆಯಲ್ಲಿ ಹುಳು, ಹುಳುಕು ಹಲ್ಲು, ಕೆಲವರಲ್ಲಿ ರಕ್ತಹೀನತೆ! ಬಡತನದಲ್ಲಿ ಬೆಳೆದ ಹುಡುಗರು ಅವರು. ಎದೆಗಾರಿಕೆಯ ಕೊರತೆ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಸಂಗತಿಯಲ್ಲಿ ಒಂದಷ್ಟು ಭಾಗಕ್ಕೆ ಜಂತುಹುಳುವಿನ ಔಷಧಿಯೇ ಮದ್ದಾಗಿತ್ತು.

ತಂಡದ ಜೊತೆ ವೈದ್ಯ, ದಂತವೈದ್ಯ, ಮನಶ್ಶಾಸ್ತ್ರಜ್ಞ, ವ್ಯಾಯಾಮ ಶಿಕ್ಷಕ ಎಲ್ಲರೂ ಸ್ವೀಡನ್‌ಗೆ ಹೋದರು. 17 ವರ್ಷದ ಪೆಲೆ ಎಂಬ ಹುಡುಗನೂ ಹೋದ. ಬ್ರೆಜಿಲ್ 1958, 1962 ಮತ್ತು 1970ರಲ್ಲಿ ವಿಶ್ವಕಪ್ ಗೆದ್ದಿತು. ಆ ದೇಶದ ಒಂದು ಕ್ಲಬ್ ಮುಚ್ಚಿದರೆ ನೂರು ಕ್ಲಬ್‌ಗಳಿದ್ದವು. ಒಂದು ಕಾಲುವೆ ಬತ್ತಿದರೆ ಇನ್ನೊಂದು ಹರಿಯುತ್ತಿತ್ತು.

ವೆಂಬ್ಲಿಯಲ್ಲಿ 6 ಗೋಲು ತಿಂದ ಇಂಗ್ಲೆಂಡ್ ಏನಾಯಿತು? ಅಂದಿನ ಆ ತಂಡದಲ್ಲಿ ಆಲ್ಫ್ ರ‍್ಯಾಮ್ಸಿ ಎಂಬ ರಕ್ಷಣಾ ಆಟಗಾರನಿದ್ದ. ಇಂಗ್ಲೆಂಡಿನ ಮೂರನೆಯ ಗೋಲನ್ನು ಪೆನಾಲ್ಟಿಯಲ್ಲಿ ಹೊಡೆದವನು ಅವನೇ. ದೇಶದ ಪರ ಅದೇ ಅವನ ಕೊನೆಯ ಪಂದ್ಯವಾಯಿತು. ಹತ್ತು ವರ್ಷಗಳ ನಂತರ ಅವನೇ ಇಂಗ್ಲೆಂಡ್ ತಂಡದ ಹೊಣೆ ಹೊತ್ತ. ಇಂಗ್ಲೆಂಡಿನ ಹಳೆಯ ಪದ್ಧತಿಯ ಅಂಚಿನ ಆಟಗಾರರನ್ನು ಬಿಟ್ಟು ಹೊಸ ರೀತಿಯಲ್ಲಿ ತಂಡ ಕಟ್ಟಿದ. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು.

ನಮ್ಮ ದೇಶಕ್ಕೂ ಈ ಕಥೆಯ ಒಂದು ಎಳೆ ಇದೆ. 1952ರ ಹೆಲ್ಸಿಂಕಿಯಲ್ಲಿ ಹಂಗೇರಿ ಫೈನಲ್‌ನಲ್ಲಿ ಸೋಲಿಸಿದ ಅದೇ ಯುಗೊಸ್ಲಾವಿಯ ಮೊದಲು ಭಾರತವನ್ನು 10-1ರಿಂದ ಸೋಲಿಸಿತ್ತು. ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಹೈದರಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಂ ತರಬೇತುದಾರರಾಗಿ ತಂಡವನ್ನು ತಿದ್ದಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು. 1962ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಬಂತು. ರಹೀಂ 1963ರಲ್ಲಿ ತೀರಿಕೊಂಡ ಮೇಲೆ ಭಾರತ ಆ ಮಟ್ಟಕ್ಕೆ ಮತ್ತೆ ಏರಲಿಲ್ಲ. ಇದೂ ಒಂದೇ ಕಾಲುವೆಯ ಕೆರೆಯ ಕಥೆಯೇ ಅಲ್ಲವೇ?

ಹಳೆಯ ಕಾಲದ ಮಾತಾಯಿತು ಎನ್ನುವ ವಿದ್ಯಾರ್ಥಿಗಳಿಗೆ 2022ರ ಅರ್ಜೆಂಟೀನಾ ನೆನಪಿರಬಹುದು. 36 ಪಂದ್ಯಗಳಲ್ಲಿ ಸೋಲದೆ ಕತಾರ್‌ಗೆ ಬಂದ ತಂಡ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಕ್ಕೆ 2-1ರಿಂದ ಸೋತಿತು. ತರಬೇತುದಾರ ಸ್ಕಲೋನಿ ಯಾರನ್ನೂ ದೂರಲು ಹೋಗಲಿಲ್ಲ. ಮುಂದಿನ ಪಂದ್ಯಕ್ಕೆ ಐವರನ್ನು ಬದಲಿಸಿದ. ಬದಲಿಸಲು ಅವನ ಬಳಿ ಒಳ್ಳೆಯ ಹುಡುಗರಿದ್ದರು ಎನ್ನುವುದೇ ಮುಖ್ಯ. ಅದೇ ತಂಡ ಕಪ್ ಎತ್ತಿತು. ಅರ್ಜೆಂಟೀನಾಕ್ಕೆ ಸೋಲು ಮೊದಲ ದಿನ ಬಂತು, ತಿದ್ದಿಕೊಳ್ಳಲು ಸಮಯವಿತ್ತು. ಹಂಗೇರಿಗೆ ಕೊನೆಯ ದಿನ ಬಂತು.

ಹಾಗಾದರೆ ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಇಷ್ಟು. ಬಲಿಷ್ಠ ತಂಡ ಸೋಲಿನ ನಂತರವೂ ಗೆಲ್ಲುತ್ತ ಹೋಗಬಲ್ಲುದು. ಅದಕ್ಕೆ ಎರಡು ಷರತ್ತುಗಳಿವೆ. ಸೋತಾಗ 'ಏಕೆ?' ಎಂದು ಕೇಳುವ ತಾಳ್ಮೆ ಇರಬೇಕು. ಗೆಲ್ಲುತ್ತಿರುವಾಗಲೇ ಮುಂದಿನವರನ್ನು ಬೆಳೆಸುವ ದೂರದೃಷ್ಟಿ ಇರಬೇಕು. ಸೋಲು ತಂಡವನ್ನು ಕೊಲ್ಲುವುದಿಲ್ಲ. ಭಯವೂ ಬತ್ತಿದ ಮೂಲವೂ ಕೊಲ್ಲುತ್ತವೆ.

ಮನೆಯ ಮಾತು

ಪೋಷಕರೇ, ಇಲ್ಲಿಯವರೆಗೆ ಓದಿದ ನಿಮಗೆ ನಾನು ಎಲ್ಲಿಗೆ ಬರುತ್ತಿದ್ದೇನೆಂದು ತಿಳಿದಿರುತ್ತದೆ. ಐವತ್ತಕ್ಕೆ ಒಂದು ಸೋಲು ಎಂದರೆ ನೂರಕ್ಕೆ 98. ನಿಮ್ಮ ಮಗಳು 98 ಅಂಕ ತಂದ ದಿನ ಮನೆಯಲ್ಲಿ ಮೊದಲು ಬಂದ ಮಾತು ಯಾವುದು? 'ಆ ಎರಡು ಎಲ್ಲಿ ಹೋಯಿತು?' ಎಂದೇ? ಅಥವಾ 'ಕ್ಲಾಸಿಗೆ ಫಸ್ಟ್ ಯಾರು?' ಎಂದೇ?

ಮೂರು ದಶಕಗಳಿಗೂ ಮೀರಿ ಉತ್ತರಪತ್ರಿಕೆಗಳನ್ನು ತಿದ್ದಿದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಸದಾ ಕೊನೆಯ ಬೆಂಚಿನ ಹುಡುಗನ ಬಗ್ಗೆ ನಮಗಿರುವ ಚಿಂತೆ, ಸದಾ ಮೊದಲು ಬರುವ ಮಗುವಿನ ಬಗ್ಗೆ ಇರುವುದಿಲ್ಲ. ಆದರೆ ಮೊದಲ ಬಾರಿಗೆ ಎರಡನೆಯ ಸ್ಥಾನಕ್ಕೆ ಇಳಿದ ಮಗುವಿನ ಮುಖ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಸೋಲಿನ ಪರಿಚಯವೇ ಇಲ್ಲದೆ ಬೆಳೆದ ಮಗು ಅದು. ಅದಕ್ಕೆ ಅಂಕ ಕಡಿಮೆಯಾದ ನೋವಿಗಿಂತ 'ಮನೆಗೆ ಹೇಗೆ ಹೋಗಲಿ?' ಎಂಬ ಭಯವೇ ಹೆಚ್ಚು. ಫಲಿತಾಂಶದ ಮರುದಿನ ಪತ್ರಿಕೆಯ ಒಳಪುಟದಲ್ಲಿ ಬರುವ ಸಂಕಟದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅವುಗಳಲ್ಲಿ ತೇರ್ಗಡೆಯಾದ ಮಕ್ಕಳೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಮನೆಯೊಳಗೆ ಗ್ರೋಷಿಚ್‌ನನ್ನೋ ಬಾರ್ಬೋಸನನ್ನೋ ಸೃಷ್ಟಿಸುವುದು ಬೇಡ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇದು. ಅಂಕ ಕಡಿಮೆಯಾದ ಉತ್ತರಪತ್ರಿಕೆಯನ್ನು ಮಡಿಸಿ ಹಾಸಿಗೆಯ ಕೆಳಗೆ ಇಡಬೇಡಿ. ಒಂದು ಹಾಳೆಯಲ್ಲಿ ಮೂರು ಕಂಬ ಗೀರಿ. ಗೊತ್ತೇ ಇಲ್ಲದೆ ತಪ್ಪಿದ್ದು ಮೊದಲ ಕಂಬಕ್ಕೆ. ಅದಕ್ಕೆ ಮದ್ದು ಓದು. ಗೊತ್ತಿದ್ದೂ ಅವಸರದಲ್ಲಿ, ದಣಿವಿನಲ್ಲಿ, ಪ್ರಶ್ನೆ ಸರಿಯಾಗಿ ಓದದೆ ತಪ್ಪಿದ್ದು ಎರಡನೆಯದಕ್ಕೆ. ಅದಕ್ಕೆ ಮದ್ದು ಅಭ್ಯಾಸ ಮತ್ತು ನಿದ್ದೆ. ಜ್ವರ ಬಂದದ್ದು, ಓದದೇ ಬಿಟ್ಟ ಒಂದೇ ಪಾಠದಿಂದ ಪ್ರಶ್ನೆ ಬಂದದ್ದು ಮೂರನೆಯದಕ್ಕೆ; ಅದು ಬೆರ್ನ್‌ನ ಮಳೆ, ಅದಕ್ಕೆ ಅಳಬೇಕಾಗಿಲ್ಲ. ಪ್ರಾಮಾಣಿಕವಾಗಿ ತುಂಬಿದರೆ ಮೂರನೆಯ ಕಂಬ ಚಿಕ್ಕದಾಗಿರುತ್ತದೆ. ಖಾಲಿಯಂತೂ ಇರುವುದಿಲ್ಲ.

ಗೆದ್ದವರಿಗೂ ಒಂದು ಮಾತಿದೆ. ಮೊದಲ ಸ್ಥಾನ ಬಂದಾಗಲೂ ಈ ಹಾಳೆ ತುಂಬಿ. ಗೆದ್ದ ದಿನ ತಪ್ಪು ಹುಡುಕುವುದು ಕಷ್ಟ, ಆದರೆ ಅಂದು ಹುಡುಕಿದರೆ ನೋವಾಗುವುದಿಲ್ಲ. ಹಂಗೇರಿ 18 ಪಂದ್ಯ ಗೆಲ್ಲುತ್ತ, ಸಮ ಮಾಡಿಕೊಳ್ಳುತ್ತ ಕಳೆದ ಆ ದಿನಗಳಲ್ಲೇ ಹೊಸಬರನ್ನು ಹುಡುಕಬೇಕಿತ್ತು. ಒಂದೇ ವಿಷಯದ ಅಂಕದ ಮೇಲೆ ನಿಮ್ಮ ಇಡೀ ಬದುಕಿನ ಭರವಸೆ ಕಟ್ಟಬೇಡಿ. ಸಂಗೀತವೋ ಮರಗೆಲಸವೋ ಮೈದಾನವೋ ಇನ್ನೊಂದು ಕಾಲುವೆಯನ್ನೂ ತೋಡಿಕೊಳ್ಳಿ.

ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶ ಬಂದಿದೆ. ಬೆರ್ನ್‌ನಲ್ಲಿ ಹಂಗೇರಿಗೆ ಸಿಗದಿದ್ದ ಇನ್ನೊಂದು ಪಂದ್ಯ ನಮ್ಮ ಮಕ್ಕಳಿಗೆ ಸಿಗುತ್ತಿದೆ. ಆದರೆ ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವಿನ ದಿನಗಳಲ್ಲಿ ಮನೆಯಲ್ಲಿ ಯಾವ ಪ್ರಶ್ನೆ ಕೇಳುತ್ತೇವೆ ಎನ್ನುವುದರ ಮೇಲೆ ಅದರ ಲಾಭ ನಿಂತಿದೆ. ಆ ಎರಡು ಅಂಕ ಎಲ್ಲಿ ಹೋಯಿತೆಂದು ಧಾರಾಳವಾಗಿ ಕೇಳಿ, ತಪ್ಪಿಲ್ಲ. ಆದರೆ ಎದುರು ನಿಂತು ಕೇಳಬೇಡಿ. ಮಗುವಿನ ಪಕ್ಕದಲ್ಲಿ ಕೂತು, ಉತ್ತರಪತ್ರಿಕೆ ಬಿಡಿಸಿ, ಇಬ್ಬರೂ ಸೇರಿ ಹುಡುಕಿ.